ಹನ್ನೆರಡು ಕೆಂಪು ಗೂಟ

ನಾನು ಒಂದು ವರ್ಷ ಹುಲ್ಲು ಎಣಿಸಿ ಸಂಬಳ ತೆಗೆದುಕೊಂಡಿದ್ದೇನೆ. ಇದನ್ನು ಹೇಳಿದರೆ ಮನೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬಿದ ಒಬ್ಬಿಬ್ಬರು ಮರುಕದಿಂದ ನೋಡುತ್ತಾರೆ.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸುಮ್ಮನೆ ಕೂತಿದ್ದ ಕಾಲ. ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಹುಲ್ಲುಗಾವಲು ಸುಧಾರಣೆಗೆಂದು ತಾತ್ಕಾಲಿಕ ಸಹಾಯಕ ಬೇಕಾಗಿದ್ದಾನೆಂದು ತಿಳಿದು ಅರ್ಜಿ ಹಾಕಿದೆ. ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ಸಂಭ್ರಮಕ್ಕೆ ಕಟ್ಟಿದ್ದ ಬಣ್ಣದ ಕಾಗದ ಆ ಕಚೇರಿಯ ಬಾಗಿಲಲ್ಲಿ ಇನ್ನೂ ನೇತಾಡುತ್ತಿತ್ತು. ಸಂದರ್ಶನದಲ್ಲಿ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. "ಸೈಕಲ್ ಬರುತ್ತೇನ್ರೀ?" ಬರುತ್ತದೆಂದೆ. ಹೊಸದುರ್ಗ ತಾಲ್ಲೂಕಿಗೆ ಹಾಕಿದರು.

ಮುಂದೆ ನಡೆದದ್ದನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಪಾಠದ ನಡುವೆ ವಿದ್ಯಾರ್ಥಿಗಳು ತೂಕಡಿಸಿದಾಗ. ಹೇಳುತ್ತ ಹೇಳುತ್ತ ಕಥೆ ನುಣುಪಾಗಿತ್ತು. ಕಳೆದ ತಿಂಗಳು ಹಳೆಯ ಟ್ರಂಕಿನಲ್ಲಿ ಆ ವರ್ಷದ ದಿನಚರಿ ಸಿಕ್ಕಿತು. ಹಿರಿಯೂರಿನ ಗೊಬ್ಬರದ ಅಂಗಡಿಯವರು ಬಿಟ್ಟಿಯಾಗಿ ಕೊಟ್ಟದ್ದು. ಪ್ರತಿ ಪುಟದ ತಳದಲ್ಲಿ ಯೂರಿಯಾದ ಗುಣಗಾನವಿದೆ. ನನ್ನ ಕಥೆಯಲ್ಲಿ ನಾನು ಎಷ್ಟು ಚೆನ್ನಾಗಿ ಕಾಣುತ್ತಿದ್ದೆನೋ ದಿನಚರಿಯಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಹಾಗೆಂದು ದಿನಚರಿಯೇ ಸತ್ಯ ಎನ್ನಲೂ ಧೈರ್ಯವಿಲ್ಲ. ಅದನ್ನು ಬರೆದವನೂ ನಾನೇ ತಾನೆ.

ನನಗೆ ವಹಿಸಿದ್ದು ಮತ್ತೋಡಿನ ಕಡೆಯ ಒಂದು ಹಳ್ಳಿಯ ಕಾವಲು. ಊರಿನ ದನಕುರಿ ಮೇಯಲೆಂದು ಹಿಂದಿನಿಂದ ಬಿಟ್ಟುಕೊಂಡು ಬಂದ ಹುಲ್ಲಿನ ಬಯಲು ಅದು. ನಡುವೆ ಆನೆ ಮಲಗಿದಂಥ ಒಂದೇ ಒಂದು ಬಂಡೆ. ಉಳಿದದ್ದೆಲ್ಲ ಚಪ್ಪಟೆ, ಗಾಳಿ, ಬಿಸಿಲು. ಹೊಸದುರ್ಗದಲ್ಲಿ ಬಾಡಿಗೆ ಕೋಣೆ ಹಿಡಿದು, ಮೊದಮೊದಲು ವಾರಕ್ಕೆರಡು ಸಲ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಬಂದು, ಬೆಲ್ ಬಾಟಮ್ ಪ್ಯಾಂಟಿನಲ್ಲಿ ಕಾವಲಿಗೆ ಇಳಿಯುತ್ತಿದ್ದೆ. ಆ ಪ್ಯಾಂಟಿನ ಅಂಚಿಗೆ ಊಬು ಹುಲ್ಲಿನ ಮುಳ್ಳುಬೀಜ ನೂರಾರು ಚುಚ್ಚಿಕೊಳ್ಳುತ್ತಿದ್ದವು. ಅವನ್ನು ಕೋಣೆಯ ಮುಂದೆ ಕೂತು ಕೀಳುತ್ತಿದ್ದೆ. ಮರುವರ್ಷ ನನ್ನ ಮನೆ ಮಾಲೀಕರ ಅಂಗಳದಲ್ಲಿ ಊಬು ಹುಲ್ಲು ಹುಟ್ಟಿತು. ಹುಲ್ಲುಗಾವಲಿನ ಸುಧಾರಣೆಯಲ್ಲಿ ನನ್ನ ಕೊಡುಗೆಯೆಂದು ಖಚಿತವಾಗಿ ಹೇಳಬಹುದಾದದ್ದು ಇದೊಂದೇ.

ಮೊದಲ ತಿಂಗಳು ಇಡೀ ಕಾವಲನ್ನು ಹೆಜ್ಜೆಯಿಂದ ಅಳೆದು ನಕ್ಷೆ ಬರೆದೆ. ಮುಖ್ಯವಾಗಿ ಮೂರು ಹುಲ್ಲುಗಳಿದ್ದವು. ನೆಲಕ್ಕೆ ಹಬ್ಬುವ ಗರಿಕೆ, ಕುರಿಯ ತುಪ್ಪಟಕ್ಕೂ ನನ್ನ ಪ್ಯಾಂಟಿಗೂ ಚುಚ್ಚುವ ಊಬು, ಸೊಂಟದೆತ್ತರ ಬುಡ ಕಟ್ಟಿ ವಾಸನೆ ಬೀರುವ ಕಾಚಿ. ಮೂರೂ ಬೆರೆತಿರಲಿಲ್ಲ. ಒಂದು ಕಣದಷ್ಟು ಅಗಲ ಗರಿಕೆ, ಅದರ ಪಕ್ಕ ಊಬಿನ ಪಟ್ಟಿ, ಆಚೆಗೆ ಕಾಚಿಯ ಗುಂಪು, ಮತ್ತೆ ಗರಿಕೆ. ಈ ತೇಪೆಗಳ ಅಂಚಿನಲ್ಲಿ ತುಂಬೆ, ನೆಲನೆಲ್ಲಿ, ನನಗೆ ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಸಣ್ಣ ಗಿಡಗಳು. ಕಾಚಿಯ ಬುಡದಿಂದ ಗೌಜಲಕ್ಕಿ ಪುರ್ರೆಂದು ಎದ್ದು ಎದೆ ನಡುಗಿಸುತ್ತಿತ್ತು. ಬಣ್ಣದ ಪೆನ್ಸಿಲಿನಲ್ಲಿ ತುಂಬಿಸಿದಾಗ ನಕ್ಷೆ ಹಳೆಯ ಕೌದಿಯ ಹಾಗೆ ಕಂಡಿತು.

ಆ ಕಾವಲಿನಲ್ಲಿ ಕುರಿ ಕಾಯುವ ಒಬ್ಬ ಅಜ್ಜಿ ಇದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕುರಿಯೇ ಮನೆ, ಕುರಿಯೇ ಜೀವನ. ಅವಳು ಹಗಲೆಲ್ಲ ಕುರಿ ಮೇಯಿಸಿ, ಸಂಜೆಗೆ ಬಯಲಲ್ಲೇ ಗೂಟ ನೆಟ್ಟು ಹಗ್ಗದ ಬಲೆ ಸುತ್ತಿ ರೊಪ್ಪ ಮಾಡಿ ಕೂಡುತ್ತಿದ್ದಳು; ಅವಳ ಮಾತಿನಲ್ಲಿ ಅದು ಕುರಿ ತರುಬುವುದು. ಬೆಳಿಗ್ಗೆ ಬಲೆ ಸುತ್ತಿಟ್ಟು ಮತ್ತೆ ಮೇಯಲು ಹೊಡೆಯುವಳು. ಎರಡು ಮೂರು ದಿನಕ್ಕೊಮ್ಮೆ ರೊಪ್ಪದ ಜಾಗ ಬದಲು.

ನಾನು ಮರದ ಚೌಕಟ್ಟನ್ನು ನೆಲಕ್ಕಿಟ್ಟು ಅದರೊಳಗಿನ ಹುಲ್ಲಿನ ಬುಡಗಳನ್ನು ಎಣಿಸುವುದನ್ನು ಅವಳು ಎರಡು ದಿನ ನೋಡಿ, ಮೂರನೆಯ ದಿನ ಹತ್ತಿರ ಬಂದಳು.

"ಏನಪ್ಪ, ಏನ್ ಕಳಕೊಂಡೀಯ?"

"ಏನೂ ಇಲ್ಲ ಅಜ್ಜಿ. ಹುಲ್ಲು ಎಣಿಸ್ತಿದೀನಿ."

"ಎಣಿಸಿ?"

"ಬರೆದಿಡ್ತೀನಿ."

"ಬರೆದು?"

ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಅವಳು ನಕ್ಕಳು. "ಓದಿರೋರಿಗೆ ಏನಾದ್ರೂ ಕೆಲ್ಸ ಬೇಕಲ್ಲಪ್ಪ. ಕುಂತ್ಕ, ಮಜ್ಜಿಗೆ ಐತೆ." ಅಂದಿನಿಂದ ಅವಳಿಗೆ ನಾನು ಹುಲ್ಲು ಮೇಷ್ಟ್ರು.

ಈ ಮೂರು ಹುಲ್ಲುಗಳ ನಡುವಿನ ಜಗಳದ ನಿಯಮವನ್ನು ನಾನು ಕಂಡುಹಿಡಿದೆನೆಂದು ಮೂವತ್ತು ವರ್ಷ ಹೇಳಿಕೊಂಡು ಬಂದೆ. ತಿಂಗಳುಗಟ್ಟಲೆ ಗಮನಿಸಿದೆ, ಒಂದು ಮಧ್ಯಾಹ್ನ ಬಂಡೆಯ ಮೇಲೆ ಕೂತಿದ್ದಾಗ ತಟ್ಟನೆ ಹೊಳೆಯಿತು ಎಂದೇ ನನ್ನ ನೆನಪು. ಬಂಡೆಯ ಬಿಸಿ ಕೂಡ ನೆನಪಿದೆ. ದಿನಚರಿ ತೆರೆದರೆ ನನ್ನದೇ ಅಕ್ಷರ: "ಅಜ್ಜಿ ಹೇಳಿದ್ದು." ಕೆಳಗೆ ಅವಳ ಮಾತುಗಳು.

"ಕುರಿ ತರುಬಿದ ಜಾಗದಾಗೆ ಮೊದ್ಲು ಗರಿಕೆ ಬರ್ತೈತೆ. ಗೊಬ್ಬರದ ಕಾವು ಆರಿದ ಮ್ಯಾಲೆ ಊಬು ಎದ್ದು ಗರಿಕೆನ ಮುಚ್ಚಿಬಿಡ್ತೈತೆ. ಊಬಿನ ಪಕ್ಕ ಕಾಚಿ ಬುಡ ಕಟ್ಟಿತು ಅಂದ್ರೆ ಊಬಿಗೆ ನೀರಿಲ್ಲ, ನೆರಳೇ ಗತಿ. ಕಾಚಿ ದಪ್ಪ ಆತು ಅಂದ್ರೆ ಅಲ್ಲಿ ರೊಪ್ಪ ಹಾಕ್ತೀನಿ. ಕುರಿ ಗೊರಸಿಗೆ, ಉಚ್ಚೆಗೆ, ಕಾಚಿ ಸುಟ್ಟೋಗ್ತೈತೆ. ತಿರುಗಾ ಗರಿಕೆ."

"ಹಂಗಾದ್ರೆ ಕೊನೆಗೆ ಗೆಲ್ಲೋದು ಯಾವುದು ಅಜ್ಜಿ?"

"ಪಕ್ಕದಾಗೆ ಇರೋದನ್ನ ಗೆಲ್ತೈತೆ ಕಣಪ್ಪ. ಊರನ್ನೆಲ್ಲ ಗೆಲ್ಲಾಕೆ ಯಾವುದಕ್ಕೂ ಬಿಡಬಾರದು. ಒಂದೇ ಕಡೆ ರೊಪ್ಪ ಹಾಕಿದ್ರೂ ಕೆಟ್ಟಿತು, ಎಲ್ಲಾ ಕಡೆ ಒಂದೇ ಸಲ ಹಾಕಿದ್ರೂ ಕೆಟ್ಟಿತು. ನಮ್ಮತ್ತೆ ಹೇಳ್ತಿದ್ಲು, ಹೋದ ಸಲದ ಜಾಗಕ್ಕೆ ಹಿಂದಿರುಗಿ ಹೋಗಬ್ಯಾಡ ಅಂತ."

ಅದೇ ಪುಟದ ತಳದಲ್ಲಿ ಯೂರಿಯಾದ ಜಾಹೀರಾತು. ಅದಕ್ಕೂ ಅವಳ ಮಾತಿಗೂ ನಡುವೆ ನಾನು ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿದ್ದೇನೆ. ಯಾಕೆ ಎಳೆದೆನೋ ತಿಳಿಯದು. ಬಂಡೆಯ ಬಿಸಿ ಎಲ್ಲಿಂದ ಬಂದು ಸೇರಿಕೊಂಡಿತೋ ಅದೂ ತಿಳಿಯದು.

ನಕ್ಷೆಯನ್ನು ಹೆಮ್ಮೆಯಿಂದ ಚಿತ್ರದುರ್ಗಕ್ಕೆ ಒಯ್ದೆ. ಸಾಹೇಬರು ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ, ಕೆಳಗಿಳಿಸಿ, ದುಃಖದಿಂದ ತಲೆಯಾಡಿಸಿದರು.

"ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆಯ್ತು ಕಣ್ರೀ. ಈ ಹುಲ್ಲು ಇನ್ನೂ ಕೇರಿ ಕೇರಿ ಮಾಡ್ಕೊಂಡು ಕೂತಿದೆಯಲ್ಲ!"

ಅವರು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರದು ಒಳ್ಳೆಯ ಮನಸ್ಸು. ಎಲ್ಲೆಡೆ ಎಲ್ಲವೂ ಸಮನಾಗಿ ಹಂಚಿಕೆಯಾಗಬೇಕೆಂಬ ಆಸೆ. ಅದನ್ನು ಮನುಷ್ಯರಲ್ಲಿ ತರುವುದು ಅವರ ಇಲಾಖೆಗೆ ಬರುತ್ತಿರಲಿಲ್ಲವಾದ್ದರಿಂದ ಹುಲ್ಲಿನಲ್ಲಿ ತರಲು ಹೊರಟಿದ್ದರು. ಅಲ್ಲೇ ಯೋಜನೆ ತಯಾರಾಯಿತು. ಮೊದಲು ಒಂದು ಮಾದರಿ ತಾಕನ್ನು ಟ್ರಾಕ್ಟರಿನಿಂದ ಉಳುವುದು. ಮೂರೂ ಹುಲ್ಲಿನ ಬೀಜವನ್ನು ಪೀಪಾಯಿಯಲ್ಲಿ ಚೆನ್ನಾಗಿ ಕಲಸಿ ಸಮನಾಗಿ ಎರಚುವುದು. ಅದು ಯಶಸ್ವಿಯಾದರೆ ಇಡೀ ಕಾವಲು. ಬಿತ್ತಿದ ಮೇಲೆ ಕುರಿಗಳಿಗೆ ಪ್ರವೇಶವಿಲ್ಲ. ಅವಕ್ಕೆ ಊರ ಹೊರಗೆ ಒಂದೇ ಕಡೆ ಸಿಮೆಂಟಿನ ಕಾಯಂ ರೊಪ್ಪ.

"ಕುರಿ ಎಲ್ಲಿ ಮೇಯುತ್ತೆ ಸಾರ್?" ಎಂದು ಕೇಳಿದೆ. ಕೇಳಿದೆನೆಂದು ನನ್ನ ನೆನಪು ಹೇಳುತ್ತದೆ; ದಿನಚರಿಯಲ್ಲಿ ಇಲ್ಲ.

ಅಜ್ಜಿಗಂತೂ ಅದೊಂದೇ ಪ್ರಶ್ನೆ. ಮುಂಗಾರು ಬಿದ್ದು ಊರ ಹೊಲಗಳೆಲ್ಲ ಬಿತ್ತನೆಯಾದ ಮೇಲೆ ಸುಗ್ಗಿಯವರೆಗೆ ಕುರಿಗೆ ಕಾವಲು ಬಿಟ್ಟರೆ ಕಾಲಿಡಲು ಬೇರೆ ನೆಲವಿಲ್ಲ. ಕಾವಲು ಮುಚ್ಚಿದರೆ ಕುರಿ ಮಾರಬೇಕು. ಸಿಮೆಂಟಿನ ರೊಪ್ಪದ ವಿಷಯ ಹೇಳಿದಾಗ ಅವಳು ಕೇಳಿದ್ದು: "ಸಿಮೆಂಟು ತಿನ್ನೋ ಕುರಿನೂ ಸರ್ಕಾರನೇ ಕೊಡ್ತೈತಾ?"

ಯೋಜನೆಗೆ ಬೆಂಬಲವಾಗಿ ಪ್ರತಿ ತಿಂಗಳು ಲೆಕ್ಕ ಕಳಿಸಬೇಕಿತ್ತು. ಅದಕ್ಕಾಗಿ ಕಾವಲಿನ ಒಂದು ಕಡೆ ದೊಡ್ಡ ಚೌಕ ಗುರುತಿಸಿ ಸುತ್ತ ಹನ್ನೆರಡು ಗೂಟ ನೆಟ್ಟೆ. ನೀಲಗಿರಿಯ ನೇರವಾದ ಗೂಟಗಳು, ಎದೆಯೆತ್ತರ, ತುದಿಗೆ ಕೆಂಪು ಬಣ್ಣ, ಒಂದರಿಂದ ಹನ್ನೆರಡರವರೆಗೆ ಸಂಖ್ಯೆ. ನಕ್ಷೆ ಮುಗಿದಿದ್ದರಿಂದ ಇನ್ನು ತಿಂಗಳಿಗೊಮ್ಮೆ ಮಾತ್ರ ಬಂದು ಆ ಚೌಕದೊಳಗೇ ಎಣಿಸುವುದು. ಮೊದಲ ಸಲ ಮೂರೂ ಹುಲ್ಲು ಸಿಕ್ಕವು. ಎರಡನೆಯ ತಿಂಗಳು ಹೋದರೆ ಚೌಕದ ತುಂಬ ಹಿಕ್ಕೆ, ಒಂದೆಳೆ ಹುಲ್ಲಿಲ್ಲ. ಮೂರನೆಯ ತಿಂಗಳೂ ಹಾಗೆಯೇ. ನಾನು ಗಾಬರಿಯಾಗಿ ವರದಿ ಬರೆದೆ: ಕುರಿಗಳಿಂದ ಹುಲ್ಲು ಪೂರ್ತಿ ನಾಶವಾಗುತ್ತಿದೆ. ಸಾಹೇಬರಿಗೆ ಬಹಳ ಸಂತೋಷವಾಯಿತು. ವರದಿಯ ಆ ಸಾಲಿನ ಕೆಳಗೆ ಹಸಿರು ಶಾಯಿಯಲ್ಲಿ ಎರಡು ಗೆರೆ ಎಳೆದು ಮೇಲಕ್ಕೆ ಕಳಿಸಿದರು.

ಮೂರನೆಯ ತಿಂಗಳ ಪುಟದಲ್ಲಿ ಈ ಮಾತಿದೆ: "ಬಂಡೆ ಹಿಂದಿಗಿಂತ ದೂರಕ್ಕೆ ಸರಿದಂತೆ ಕಾಣುತ್ತದೆ. ಬಿಸಿಲಿನ ಝಳಕ್ಕೆ ದೂರ ತಪ್ಪಾಗಿ ಕಾಣುವುದುಂಟು." ವಿಶ್ವವಿದ್ಯಾನಿಲಯದಲ್ಲಿ ಆರು ವರ್ಷ ಕಲಿತವನೊಬ್ಬ, ಬಂಡೆ ನಡೆಯಿತೆಂದು ನಂಬಲು ಸಿದ್ಧನಿದ್ದ, ಗೂಟ ನಡೆಯಿತೆಂದು ಅವನಿಗೆ ಹೊಳೆಯಲಿಲ್ಲ.

ನಾಲ್ಕನೆಯ ಸಲ ಬಸ್ಸು ಕೆಟ್ಟು ತಡವಾಗಿ, ಸಂಜೆಯ ಹೊತ್ತಿಗೆ ಕಾವಲು ತಲುಪಿದೆ. ಅಜ್ಜಿ ಕುರಿ ಕೂಡುತ್ತಿದ್ದಳು. ಅವಳ ಬಲೆ ಕಟ್ಟಿದ್ದು ಹನ್ನೆರಡು ಕೆಂಪು ತಲೆಯ ಗೂಟಗಳಿಗೆ.

"ಅಜ್ಜಿ, ಇವು ನನ್ನ ಗೂಟ!"

"ಹೂಂ ಕಣಪ್ಪ. ಭಾಳ ಚೆಂದಾಗವೆ. ನಮ್ಮ ಜಾಲಿ ಗೂಟ ಸೊಟ್ಟ, ಬಲೆ ಜಾರ್ತೈತೆ. ಸರ್ಕಾರದೋವು ನೆಟ್ಟಗವೆ."

"ನಾನು ನೆಟ್ಟಲ್ಲಿಂದ ಯಾಕೆ ಕಿತ್ತೆ?"

"ಕೀಳದೆ ರೊಪ್ಪ ಹೆಂಗೆ ಮುಂದಕ್ಕೆ ಹೋಗಾದು?" ಎಂದಳು, ನನ್ನ ಬುದ್ಧಿಯ ಬಗ್ಗೆ ನಿಜವಾದ ಕಾಳಜಿಯಿಂದ. "ಒಂದೂ ಕಳೆದಿಲ್ಲ, ಎಣಿಸ್ಕ. ಎಣಿಸಾದು ನಿನಗೆ ಅಭ್ಯಾಸ ಐತಲ್ಲ."

ಎಣಿಸಿದೆ. ಹನ್ನೆರಡೂ ಇದ್ದವು.

ಹೀಗೆ ನಾನು ಪ್ರತಿ ತಿಂಗಳು ಎಣಿಸುತ್ತಿದ್ದದ್ದು ಕಾವಲಿನ ಹುಲ್ಲನ್ನಲ್ಲ, ಹಿಂದಿನ ದಿನ ಕುರಿಗಳು ಮಲಗೆದ್ದ ನೆಲವನ್ನು. ಸುತ್ತಲೂ ಕಣ್ಣು ಹಾಯುವವರೆಗೆ ಹುಲ್ಲಿತ್ತು. ನಾನು ಗೂಟ ಇದ್ದಲ್ಲಿಗೆ ನೇರ ನಡೆದು, ತಲೆ ತಗ್ಗಿಸಿ, ಇಲ್ಲವೆಂದು ಬರೆದುಕೊಂಡು, ಬಸ್ಸಿಗೆ ಓಡುತ್ತಿದ್ದೆ. ಆ ವರದಿಯ ಬಲದಿಂದಲೇ ಅವಳ ಕುರಿಗಳಿಗೆ ಕಾವಲು ಮುಚ್ಚಲಿದ್ದರು. ಅದನ್ನು ಅವಳಿಗೆ ಹೇಳಿದೆನೆ? ನನ್ನ ಕಥೆಯಲ್ಲಿ ಹೇಳಿ ಕ್ಷಮೆ ಕೇಳುತ್ತೇನೆ. ದಿನಚರಿಯಲ್ಲಿ "ಮಜ್ಜಿಗೆ ಕುಡಿದೆ" ಎಂದಷ್ಟೇ ಇದೆ.

ಸಾಹೇಬರಿಗೆ ಮಾತ್ರ ಹೇಳಿದೆ. ಇದಕ್ಕೆ ಆಧಾರವಿದೆ, ಅವರ ಉತ್ತರ ಬರೆದಿಟ್ಟಿದ್ದೇನೆ.

"ಗೂಟ ನಡೀತಾವೆ ಅಂತ ಮೇಲಕ್ಕೆ ಬರೆಯೋಕಾಗುತ್ತೇನ್ರೀ? ಬರೆದಾಯ್ತು, ಕಳಿಸಿಯಾಯ್ತು. ಇನ್ಮೇಲೆ ಗೂಟ ಎಲ್ಲಿದೆಯೋ ಅದೇ ನಮ್ಮ ಮಾದರಿ ತಾಕು. ಅದನ್ನೇ ಉಳ್ತೀವಿ, ಅದನ್ನೇ ಬಿತ್ತೀವಿ. ನೀವು ಗೂಟ ಮುಟ್ಟಬೇಡಿ."

ನಾನು ಮುಟ್ಟಲಿಲ್ಲ. ಸರ್ಕಾರಿ ನೌಕರಿಯಲ್ಲಿ ನಾನು ಅಕ್ಷರಶಃ ಪಾಲಿಸಿದ ಆಜ್ಞೆ ಅದೊಂದೇ ಇರಬೇಕು.

ಬೇಸಿಗೆಯಲ್ಲಿ ಸಾಹೇಬರು ಹೊಳಲ್ಕೆರೆ ದಾರಿಯಾಗಿ ಜೀಪಿನಲ್ಲಿ ಬಂದರು. ಕಾವಲಿನ ಅಂಚಿನ ಹುಣಸೆಮರದ ಕೆಳಗೆ ಊರವರನ್ನು ಸೇರಿಸಿದ್ದು ಪಟೇಲರು. ಪಟೇಲಿಕೆ ಸರ್ಕಾರದಿಂದ ರದ್ದಾಗಿ ವರ್ಷಗಳಾಗಿದ್ದವು. ಅದು ಪಟೇಲರಿಗೆ ತಿಳಿದಿತ್ತು, ಊರಿಗೆ ತಿಳಿದಿರಲಿಲ್ಲ. ಅವರದು ಯೋಜನೆಗೆ ಪೂರ್ತಿ ಬೆಂಬಲ. ಕಾವಲಿಗೆ ತಾಗಿದ ಅವರ ಶೇಂಗಾ ಹೊಲ ವರ್ಷಕ್ಕಿಷ್ಟು ಕಾವಲಿನೊಳಕ್ಕೆ ಬೆಳೆದಿತ್ತು. ಕುರಿಗಳು ಮಾತ್ರ ಹಳೆಯ ಎಲ್ಲೆಯನ್ನೇ ನೆನಪಿಟ್ಟುಕೊಂಡು ಅಲ್ಲಿಗೆ ನುಗ್ಗುತ್ತಿದ್ದವು. ಕುರಿ ನಿಂತರೆ ಆ ನೆನಪೂ ನಿಲ್ಲುತ್ತದೆಂಬುದು ಅವರ ಲೆಕ್ಕ.

ಸಾಹೇಬರು ಭಾಷಣ ಮಾಡಿದರು. ಹುಲ್ಲುಗಳ ನಡುವಿನ ಕೇರಿಗಳನ್ನು ಒಡೆದು ಒಂದಾಗಿಸುತ್ತೇವೆ ಎಂದರು. ಆಮೇಲೆ ನನ್ನತ್ತ ತಿರುಗಿ, "ಇವರು ಓದಿದೋರು, ವಿವರಿಸ್ತಾರೆ" ಎಂದರು.

ನಾನು ಎದ್ದು ನಿಂತು ಅಜ್ಜಿಯ ಮಾತನ್ನು ನನ್ನದೆಂಬಂತೆ ಹೇಳಿದೆ. ಮೂರನ್ನೂ ಕಲಸಿ ಎಲ್ಲ ಕಡೆ ಎರಚಿದರೆ, ಪ್ರತಿ ಹುಲ್ಲಿನ ಪಕ್ಕದಲ್ಲೂ ಅದನ್ನು ಸೋಲಿಸುವುದು ಇರುತ್ತದೆ. ಕೊನೆಗೆ ಒಂದೇ ಉಳಿಯಬಹುದು. ತೇಪೆ ತೇಪೆಯಾಗಿದ್ದರೆ ಸೋಲುವುದಕ್ಕೂ ತನ್ನವರ ನಡುವೆ ಉಸಿರಾಡಲು ಜಾಗವಿರುತ್ತದೆ, ಮೂರೂ ಉಳಿಯುತ್ತವೆ, ಅಂಚಿನ ಸಣ್ಣ ಗಿಡಗಳೂ ಉಳಿಯುತ್ತವೆ. ಹೀಗೆ.

ಸಾಹೇಬರ ಮುಖ ಕೆಂಪಾಯಿತು. ಆದರೆ ನನ್ನ ಮಾತಿನಿಂದ ಅರಳಿದ್ದು ಪಟೇಲರ ಮುಖ. ಯೋಜನೆಯನ್ನೇ ಮರೆತು ಎದ್ದು ನಿಂತರು.

"ಕೇಳಿದ್ರೇನ್ರಯ್ಯ? ಹುಲ್ಲೇ ಹೇಳ್ತೈತೆ! ಅವರವರ ಜಾಗದಾಗೆ ಅವರವರು ಇರಬೇಕು. ಬೆರೆತ್ರೆ ನಾಶ. ನಮ್ಮ ಹಿರೀಕರು ಸುಮ್ನೆ ಕೇರಿ ಮಾಡಿದ್ರಾ? ಇವತ್ತು ಎಮ್ಮೆಸ್ಸಿ ಓದಿದ ಮೇಷ್ಟ್ರೂ ಅದನ್ನೇ ಹೇಳ್ತಾವ್ರೆ!"

ನಾನು ಹೇಳಿದ್ದು ಹುಲ್ಲಿನ ಮಾತು, ಮನುಷ್ಯರ ಮಾತಲ್ಲ ಎನ್ನಬೇಕಿತ್ತು. ಅದಕ್ಕೆ ತಕ್ಕ ವಾಕ್ಯ ಹುಡುಕುತ್ತಿದ್ದೆ. ಇವತ್ತಿಗೂ ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ ಬಂತು.

"ಗೌಡ್ರೆ, ಹುಲ್ಲು ತನ್ನ ಜಾಗದಾಗೆ ಇರ್ತೈತೆ ಅಂತ ಯಾರಂದ್ರು? ಅದು ನಡೀತೈತೆ. ಇವತ್ತು ಗರಿಕೆ ಇದ್ದಲ್ಲಿ ನಾಳೆ ಊಬು, ನಾಡಿದ್ದು ಕಾಚಿ. ಹಂಗಾದ್ರೆ ನಾವೂ ಜಾಗ ಬದಲಾಯ್ಸಾಣ. ಈ ವರ್ಷ ನಿಮ್ಮ ತೊಟ್ಟಿಮನೆ ನಮಗೆ ಕೊಡ್ರಿ. ನೀವು ಬಂದು ನಮ್ಮ ಹಟ್ಟಿಯಾಗೆ ಕುಂತ್ಕಳ್ರಿ."

ಜನ ಗೊಳ್ಳೆಂದು ನಕ್ಕರು. ಪಟೇಲರೂ ನಕ್ಕರು, ನಗದೆ ಉಪಾಯವಿರಲಿಲ್ಲ. "ಲೇ ಮುದುಕಿ, ನಿನ್ನ ಬಾಯಿಗೊಂದು ರೊಪ್ಪ ಹಾಕಬೇಕು!"

"ಹಾಕ್ರಿ. ಮೂರು ದಿನಕ್ಕೊಂದ್ಸಲ ಎತ್ತಿ ಬೇರೆ ಕಡೆ ಹಾಕಬೇಕಾಗ್ತೈತೆ."

ಸಭೆ ಅಲ್ಲಿಗೆ ಮುಗಿಯಿತು. ಯೋಜನೆ ಮುಗಿಯಲಿಲ್ಲ, ನಗೆಯಿಂದ ನಿಲ್ಲುವಂಥ ಕಡತಗಳು ಸರ್ಕಾರದಲ್ಲಿ ಇರುವುದಿಲ್ಲ. ಮಧ್ಯಾಹ್ನದ ಊಟ ಪಟೇಲರ ಮನೆಯಲ್ಲಿ. ಹುಲ್ಲಿನ ಕೇರಿ ಒಡೆಯಲು ಬಂದ ಸಾಹೇಬರಿಗೆ ನಡುಮನೆಯಲ್ಲಿ ಎಲೆ, ಅವರ ಜೀಪಿನ ಚಾಲಕನಿಗೆ ಹೊರಗೆ ಜಗಲಿಯ ಕೆಳಗೆ. ಸಾಹೇಬರು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರು. ನಾನೂ ನಡುಮನೆಯಲ್ಲೇ ಇದ್ದೆ. ನಾನು ಎದ್ದು ಹೊರಗೆ ಹೋಗಿ ಚಾಲಕನ ಪಕ್ಕ ಕೂತೆನೆಂದು ಒಂದು ಕಾಲದಲ್ಲಿ ಹೇಳುತ್ತಿದ್ದೆ. ಅದು ಸುಳ್ಳು. ಯಾವಾಗ ಸೇರಿಕೊಂಡಿತೋ ಗೊತ್ತಿಲ್ಲ.

ಮೊದಲ ಮಳೆ ಬೀಳುವ ಹೊತ್ತಿಗೆ ಟ್ರಾಕ್ಟರ್ ಬರುವುದೆಂದು ತೀರ್ಮಾನವಾಗಿತ್ತು. ಇಲ್ಲಿ ಊರಿನ ಒಂದು ಪದ್ಧತಿ ಹೇಳಬೇಕು. ಬಿತ್ತನೆಗೆ ಮುಂಚೆ ರೈತರು ಕುರಿಯವರನ್ನು ಕರೆದು ತಮ್ಮ ಖಾಲಿ ಹೊಲಗಳಲ್ಲಿ ಕೆಲವು ದಿನ ಕುರಿ ತರುಬಿಸುತ್ತಾರೆ. ಕುರಿ ಅಲ್ಲೇ ಮಲಗಿದರೆ ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಪ್ರತಿಯಾಗಿ ರಾಗಿ. ಕುರಿಗಳನ್ನು ಕಾವಲಿನಿಂದ ಓಡಿಸಲು ಹೊರಟಿದ್ದ ಪಟೇಲರು ಎಂದಿನಂತೆ ಆ ವರ್ಷವೂ ಅಜ್ಜಿಗೆ ಹೇಳಿ ಕಳಿಸಿದ್ದರು. ಯೋಜನೆ ಬೇರೆ, ಗೊಬ್ಬರ ಬೇರೆ. ಆಮೇಲೆ ನೆಂಟರ ಮದುವೆಗೆಂದು ಮನೆಮಂದಿಯೆಲ್ಲ ಹೊಳಲ್ಕೆರೆಗೆ ಹೋದರು.

ಅಜ್ಜಿ ಹೋಗಿ ಪಟೇಲರ ಶೇಂಗಾ ಹೊಲದಲ್ಲಿ ರೊಪ್ಪ ಹಾಕಿದಳು. ಗೂಟಗಳು ಅವಳ ಜೊತೆ ಹೋದವು.

ಟ್ರಾಕ್ಟರ್ ಹಿರಿಯೂರಿನಿಂದ ಬಂತು. ಚಾಲಕ ಜವನಗೊಂಡನಹಳ್ಳಿ ಕಡೆಯವನು, ಈ ಊರು ಕಂಡವನಲ್ಲ. ಕೈಯಲ್ಲಿದ್ದ ಆದೇಶ ಓದಿ ಹೇಳಿದ, "ಕೆಂಪು ಗೂಟದ ಒಳಗಿನ ಜಾಗ ಅಂತ ಐತೆ. ಎಲ್ಲೈತ್ರಿ ಸಾರ್?"

ನಾನು ಅವನನ್ನು ಗೂಟಗಳ ಬಳಿಗೆ ಕರೆದುಕೊಂಡು ಹೋದೆ.

ಈ ವಾಕ್ಯವನ್ನು ಬರೆದು ತುಂಬ ಹೊತ್ತು ಕೂತಿದ್ದೆ. ಹೊಲ ಕೊಯ್ಲಾಗಿ ಬೋಳಾಗಿತ್ತು, ಬೇಲಿಯ ಮುಳ್ಳನ್ನು ಒಲೆಗೆ ಒಯ್ದಿದ್ದರು, ಕಾವಲಿಗೂ ಹೊಲಕ್ಕೂ ನಡುವೆ ಮೊಣಕಾಲೆತ್ತರದ ಒಂದು ಬದು ಮಾತ್ರ. ಆ ಬದುವನ್ನು ನಾನು ದಾಟಿದೆ. ದಾಟುವಾಗ ಬಂಡೆ ಎಷ್ಟು ದೂರವಿತ್ತು? ಗೂಟ ನಡೆಯುತ್ತದೆಂದು ಆಗ ನನಗೆ ಚೆನ್ನಾಗಿ ಗೊತ್ತಿತ್ತಲ್ಲ? ಕಥೆ ಹೇಳುವಾಗಲೆಲ್ಲ ನಾನು ಬೇಕೆಂದೇ ಮಾಡಿದೆ ಎನ್ನುತ್ತೇನೆ, ಕೇಳುವವರು ಮೆಚ್ಚುತ್ತಾರೆ. ದಿನಚರಿ ಹೇಳುವುದು: "ಗೂಟ ಎಣಿಸಿದೆ. ಹನ್ನೆರಡೂ ಸರಿ ಇವೆ. ಉಳುಮೆ, ಬಿತ್ತನೆ ಮುಗಿಯಿತು. ತಲೆನೋವು." ಧೀರರಿಗೂ ತಲೆನೋವು ಬರಬಹುದು. ಬಿಸಿಲಲ್ಲಿ ನಿಂತ ದಡ್ಡರಿಗೂ ಬರಬಹುದು.

ಅಜ್ಜಿ ಅಂದು ಬೇಗನೆ ಬಲೆ ಬಿಚ್ಚಿ ಕುರಿಗಳನ್ನು ದೂರ ಹೊಡೆದಿದ್ದಳು. ತಾನು ಬದುವಿನ ಮೇಲೆ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಟ್ರಾಕ್ಟರ್ ಮಣ್ಣು ಮಗುಚುವುದನ್ನು, ಆಳುಗಳು ಪೀಪಾಯಿಯಿಂದ ಬೀಜ ಎರಚುವುದನ್ನು ಪೂರ್ತಿ ನೋಡಿದಳು. ಸದಾ ಆಡುವ ಬಾಯಿ ಒಂದು ಮಾತೂ ಆಡಲಿಲ್ಲ. ಕೊನೆಗೆ ಗೂಟಗಳನ್ನು ಒಂದೊಂದಾಗಿ ಕಿತ್ತು, ಮಣ್ಣು ಕೊಡವಿ, ಹೊರೆ ಕಟ್ಟಿಕೊಂಡು ಹೋದಳು.

ಎರಡು ದಿನ ಕಳೆದು ಪಟೇಲರು ಮದುವೆಯಿಂದ ಬಂದು ನೋಡಿದರೆ, ಹೊಲದ ಮೂಲೆಯಲ್ಲಿ ಸರ್ಕಾರದ ಫಲಕ: ಮಾದರಿ ಹುಲ್ಲುಗಾವಲು, ಕುರಿ ದನ ಬಿಡಬಾರದು. ಹೊಸದುರ್ಗದ ನನ್ನ ಕೋಣೆಗೇ ಬಂದರು. ಅಂಗಳದಲ್ಲಿ ಕೂತು ಬೆವರು ಒರೆಸಿಕೊಂಡರು.

"ಏನ್ ಮೇಷ್ಟ್ರೆ ಇದು? ನನ್ನ ಹೊಲದಾಗೆ ಹುಲ್ಲು ಬಿತ್ತೀರಲ್ರಿ!"

"ನಿಮ್ಮ ಹೊಲ ಅಂತ ಗೊತ್ತಾಗ್ಲಿಲ್ಲ ಗೌಡ್ರೆ. ಅರ್ಜಿ ಕೊಡಿ, ಅಳತೆಯೋರನ್ನ ಕರೆಸಿ ನಿಮ್ಮ ಗಡಿ ಎಲ್ಲಿ, ಕಾವಲಿನ ಗಡಿ ಎಲ್ಲಿ ಅಂತ ಗುರುತು ಹಾಕಿಸೋಣ."

ಇದನ್ನು ನಾನು ಮುಗ್ಧನಾಗಿಯೇ ಹೇಳಿದೆ. ಇಷ್ಟರ ಮಟ್ಟಿಗೆ ನನ್ನ ನೆನಪನ್ನು ನಂಬುತ್ತೇನೆ. ಪಟೇಲರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದರು.

"ಇರ್ಲಿ ಬಿಡ್ರಿ. ಸರ್ಕಾರದ ಕೆಲ್ಸ. ದೇಶ ಮುಂದಕ್ಕೆ ಹೋಗಬೇಕು."

ಕುರಿ ಗೊಬ್ಬರ ಬಿದ್ದ ನೆಲ, ಒಳ್ಳೆಯ ಮುಂಗಾರು. ಹುಲ್ಲು ಎದೆಮಟ್ಟ ಬಂತು. ಸಾಹೇಬರು ಅದರ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋ ವರದಿಯ ಮೊದಲ ಪುಟದಲ್ಲಿ ಅಚ್ಚಾಯಿತು. ಕುರಿಯಿಲ್ಲದ ನೆಲ ಹೇಗೆ ಚಿಗುರುತ್ತದೆ ನೋಡಿ ಎಂದು ಅಡಿಬರಹ. ಮಾದರಿ ಯಶಸ್ವಿ, ಇನ್ನು ಇಡೀ ಕಾವಲು ಎಂದಾಗ ಮೊದಲು ಅಡ್ಡ ನಿಂತವರು ಪಟೇಲರು. ಇಡೀ ಕಾವಲೆಂದರೆ ಅಳತೆಯಾಗಲೇಬೇಕಲ್ಲ. ಊರವರ ಹೆಬ್ಬೆಟ್ಟು ಹಾಕಿಸಿ ಅರ್ಜಿಯ ಮೇಲೆ ಅರ್ಜಿ ಬರೆಸಿದರು. ನಮ್ಮ ಪೂರ್ವಜರ ಕಾವಲು, ಕುರಿಗಳ ಬಾಯಿಗೆ ಮಣ್ಣು ಹಾಕಬೇಡಿ, ಬಡ ಮುದುಕಿಯ ಶಾಪ ತಟ್ಟೀತು ಎಂದೆಲ್ಲ ಇತ್ತು. ಅಷ್ಟು ಕಣ್ಣೀರು ತರಿಸುವ ಅರ್ಜಿಯನ್ನು ನಾನು ಮತ್ತೆ ಓದಿಲ್ಲ. ಅಷ್ಟರಲ್ಲಿ ಯಶಸ್ಸಿನ ಫಲವಾಗಿ ಸಾಹೇಬರಿಗೆ ಬಡ್ತಿ ಸಿಕ್ಕಿ ವರ್ಗವಾಯಿತು. ಹೊಸಬರು ಬಂದು ತಮ್ಮದೇ ಹೊಸ ಯೋಜನೆ ತೆರೆದರು. ಕಾವಲಿನ ಕಡತ ಕಟ್ಟಿ ಕಪಾಟಿಗೆ ಹೋಯಿತು. ಅಜ್ಜಿಯ ಕುರಿ ಕಾವಲಿನಲ್ಲೇ ಉಳಿದವು. ನನ್ನ ಕೆಲಸ ಹೋಯಿತು.

ಮೂರು ವರ್ಷ ಬಿಟ್ಟು, ಬೇರೆ ಊರಿನಲ್ಲಿ ಮೇಷ್ಟರಾಗಿದ್ದ ನಾನು ಹೊಸದುರ್ಗಕ್ಕೆ ಬಂದವನು ಹಾಗೇ ಆ ಕಡೆ ಹೋದೆ. ಪಟೇಲರ ಹೊಲದಲ್ಲಿ ಬದುವಿನಿಂದ ಬದುವಿಗೆ ಊಬು. ಗರಿಕೆಯ ಒಂದು ಎಳೆ ಹುಡುಕಿದೆ, ಸಿಗಲಿಲ್ಲ. ಕಾಚಿ ಸಸಿಯಾಗುವ ಮೊದಲೇ ಊಬು ಅದನ್ನು ಮುಚ್ಚಿರಬೇಕು. ತುಂಬೆ ಇಲ್ಲ, ನೆಲನೆಲ್ಲಿ ಇಲ್ಲ. ಸಮಾನವಾಗಿ ಹಂಚಿದ ನೆಲ ಒಬ್ಬರ ಪಾಲಾಗಿತ್ತು. ಫಲಕ ಮಾತ್ರ ನೆಟ್ಟಗಿತ್ತು. ಬದು ದಾಟಿ ಕಾವಲಿಗೆ ಇಳಿದರೆ ಅದೇ ಹಳೆಯ ಕೌದಿ. ತೇಪೆಗಳು ನನ್ನ ನಕ್ಷೆಯಲ್ಲಿದ್ದ ಜಾಗದಲ್ಲಿ ಒಂದೂ ಇರಲಿಲ್ಲ, ಮೂರೂ ಹುಲ್ಲು ಇದ್ದವು. ಕಾಚಿಯ ಬುಡದಿಂದ ಗೌಜಲಕ್ಕಿ ಎದ್ದು ನನ್ನನ್ನು ಮತ್ತೆ ಬೆಚ್ಚಿಬೀಳಿಸಿತು.

ಅಜ್ಜಿ ಸ್ವಲ್ಪ ಬಾಗಿದ್ದಳು. ಗುರುತು ಹಿಡಿದಳು. ಮಜ್ಜಿಗೆ ಕೊಟ್ಟಳು.

"ಅಜ್ಜಿ, ಆವತ್ತು ಟ್ರಾಕ್ಟರ್ ಬರೋದು ನಿನಗೆ ಮೊದಲೇ ಗೊತ್ತಿತ್ತಾ?"

ಅವಳು ತಕಲಿ ನಿಲ್ಲಿಸಿ ನನ್ನನ್ನು ನೋಡಿದಳು. "ನಿನಗೆ ಗೊತ್ತಿತ್ತಾ ಅಂತ ನಾನು ಕೇಳಾಣ ಅಂತಿದ್ದೆ ಕಣಪ್ಪ. ನನ್ನ ಎದುರಿಗೇ ಬದು ದಾಟಿದೆ. ಬೇಕಂತ್ಲೇ ದಾಟ್ತಾನೋ, ಇಲ್ಲ ಹಿಂಗೇನೋ ಅಂತ ನೋಡ್ತಾ ಕುಂತಿದ್ದೆ."

"ನಿನಗೆ ಏನನ್ನಿಸಿತು?"

"ಮಾತಾಡಿದ್ರೆ ಎಲ್ಲಿ ಹಿಂದಿರುಗಿ ನೋಡ್ತಿಯೋ ಅಂತ ಬಾಯಿ ಮುಚ್ಕಂಡೆ."

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ. ಇನ್ನೊಮ್ಮೆ ಕೇಳಬಹುದಿತ್ತು, ಕೇಳಲಿಲ್ಲ. ಹೊತ್ತು ಇಳಿಯುತ್ತಿತ್ತು, ರೊಪ್ಪ ಬದಲಿಸುವ ದಿನ. ಅವಳು ಗೂಟ ಕೀಳತೊಡಗಿದಳು. ಕೆಂಪು ಬಣ್ಣ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಒಂದರ ಮೇಲೆ ಏಳೋ ಒಂದೋ ಇನ್ನೂ ಅಸ್ಪಷ್ಟವಾಗಿ ಕಾಣುತ್ತಿತ್ತು. ನಾಲ್ಕು ಗೂಟ ನನ್ನ ಹೆಗಲಿಗೆ ಹೊರಿಸಿದಳು. ಇಬ್ಬರೂ ಕಾಚಿ ದಟ್ಟವಾಗಿದ್ದ ಕಡೆಗೆ ನಡೆದೆವು.

"ಎಲ್ಲಿ ನೆಡಲಿ ಅಜ್ಜಿ?"

"ಎಲ್ಲಾದ್ರೂ ನೆಡಪ್ಪ. ಹೋದ ಸಲ ನೆಟ್ಟಲ್ಲಿ ಮಾತ್ರ ಬ್ಯಾಡ."